ಡಿಸೆಂಬರಿನ ಮೊದಲ ಶುಕ್ರವಾರ

ಮತ್ರಾದ ಮೀನಿನ ಕೋಲ್ಡ್ ಸ್ಟೋರೇಜಿನಲ್ಲಿ
ಹನ್ನೊಂದು ವರ್ಷ.
ಹೊರಗೆ ನಲವತ್ತಾರು, ಒಳಗೆ ಮೈನಸ್ ಹದಿನೆಂಟು,
ನಡುವೆ ರಬ್ಬರು ಅಂಚಿನ ಒಂದು ಬಾಗಿಲು.
ಇಪ್ಪತ್ತು ನಿಮಿಷ ಒಳಗಿದ್ದರೆ ಹತ್ತು ನಿಮಿಷ ಹೊರಗೆ,
ಅದು ಕಾನೂನು.
ಇಸ್ವಾಣದ ಪೆಟ್ಟಿಗೆ ಎತ್ತುತ್ತ ಎತ್ತುತ್ತ
ಮೊದಲು ಕಿರುಬೆರಳು ಸುಮ್ಮನಾಗುತ್ತದೆ,
ಆಮೇಲೆ ಲೆಕ್ಕ.
ಮೂವತ್ತೊಂದಾದ ಮೇಲೆ ಮತ್ತೆ ಮೂವತ್ತು ಅನ್ನುತ್ತೀಯ,
ಅಂದದ್ದು ನಿನಗೇ ಗೊತ್ತಾಗುವುದಿಲ್ಲ.

ಅದಕ್ಕೇ ಹೂಗಾರ ನನ್ನನ್ನು ಕೇಳಿದ:
"ನಿನಗ ಥಂಡಿ ಅಂದ್ರ ಮನಿದೇವ್ರಿದ್ದಂಗ.
ಜಬಲ್ ಶಮ್ಸ್ ಹತ್ತೂಣು ಬಾ.
ಹದಿನೈದಕ್ಕ ನನ್ನ ವೀಸಾ ಮುಗೀತೈತಿ,
ಮುಂದಿನ ಚಳಿಗಾಲಕ್ಕ ನಾ ಇರಂಗಿಲ್ಲ.
ಶಮ್ಸ್ ಅಂದ್ರ ಸೂರ್ಯ,
ಸೂರ್ಯನ ಗುಡ್ಡದಾಗ ಎಂಥಾ ಥಂಡಿ!"

ಒಂಬತ್ತು ವರ್ಷ ಈ ದೇಶದ ಬಚ್ಚಲುಗಳಿಗೆ ಟೈಲ್ಸ್ ಕೂರಿಸಿದವನು,
ಮೊಣಕಾಲೂರಿಯೇ ಊರು ಕಂಡವನು.
ಒಮ್ಮೆ ನಿಂತು ನೋಡಬೇಕಂತೆ,
ಎಲ್ಲವನ್ನೂ, ಮೇಲಿನಿಂದ.

ಫೋರ್‌ಮನ್ನಿಗೆ ಹೇಳದೆ ಎರಡು ಫ್ರೀಜರ್ ಜಾಕೆಟ್ ತಂದೆ.
ಖುಬ್ಸ್, ಖರ್ಜೂರ, ಎಂಟು ಬೇಯಿಸಿದ ಮೊಟ್ಟೆ,
ಅವನ ಡಬ್ಬಿಯ ತಳದಲ್ಲಿ ಉಳಿದಿದ್ದ ಶೇಂಗಾ ಚಟ್ನಿ.
ಅವನ ಕಾಲಲ್ಲಿ ಸೈಟಿನ ಸೇಫ್ಟಿ ಬೂಟು,
ತಳ ಸವೆದು, ಅವನೇ ಕೂರಿಸಿದ ಟೈಲಿನಷ್ಟು ನುಣುಪು.
ನೋಡಿದೆ.
ಏನೂ ಹೇಳಲಿಲ್ಲ.

ಲಾರಿಯ ಸೈಫ್ ಅಲ್ ಅಬ್ರಿ, ಅಲ್ ಹಮ್ರಾದವನು,
ತನ್ನ ಹಳೇ ಕಾರಿನ ಕೀಲಿ ಬೆರಳಿಗೆ ಸಿಕ್ಕಿಸಿಕೊಂಡು ಹೇಳಿದ:
ಹೋಗಲು ಐದು ತಾಸು, ಬರಲು ನಾಲ್ಕು,
ಐದೂವರೆಗೆ ಕತ್ತಲು.
ಪಡುವಣದಿಂದ ಮೋಡ ಎದ್ದರೆ
ಬಂಡೆಯ ಮೇಲೆ ಬಳಿದ ಗುರುತು ಕಾಣುವುದಿಲ್ಲ.
ಬುಧವಾರ ರಾತ್ರಿ ಮೇಲೆ ನೀರು ಗಾಜಾಗಿದೆ,
ಚಿಕ್ಕಪ್ಪನ ಆಡುಗಳು ತಾವಾಗಿಯೇ ಕೆಳಗಿಳಿದಿವೆ.
ಹೋಗಬೇಡಿ ಎನ್ನಲಿಲ್ಲ.
ಆಡುಗಳು ಇಳಿದಿವೆ, ಎಂದು ಇನ್ನೊಮ್ಮೆ ಹೇಳಿ
ಕೀಲಿ ಕೊಟ್ಟ.

ಬೆಳಿಗ್ಗೆ ಆರಕ್ಕೆ ದಾರಿಯ ಬುಡದಲ್ಲಿ
ಒಣಹುಲ್ಲಿನ ತುದಿಗಳೆಲ್ಲ ಬಿಳಿ.
ಉಗುರಲ್ಲಿ ಕೆರೆದು ನಾಲಿಗೆಗಿಟ್ಟೆ. ಉಪ್ಪಲ್ಲ.
ಹೂಗಾರನ ಫೋನು ಬಿಸಿಲು ಅಂದಿತು,
ನನ್ನದು ಮಧ್ಯಾಹ್ನಕ್ಕೆ ಮಳೆ ಅಂದಿತು,
ಆಮೇಲೆ ಎರಡಕ್ಕೂ ಸಿಗ್ನಲ್ ಹೋಯಿತು.

ಹತ್ತಿದೆವು.
ಚಳಿ ಗುರುತಿನದೇ, ಗಾಳಿ ಮಾತ್ರ ಹೊಸಬ.
ನಮ್ಮ ಕೋಣೆಯ ಫ್ಯಾನಿನ ಗಾಳಿ ಸ್ವಿಚ್ಚಿನ ಮಾತು ಕೇಳುತ್ತದೆ.
ಇದು ಯಾರ ಮಾತನ್ನೂ ಕೇಳಿ ಬೆಳೆದದ್ದಲ್ಲ.
ಅಲ್ಲಿ ಬಾಗಿಲ ಪಕ್ಕ ಒಂದು ಕೆಂಪು ಗುಂಡಿ,
ಒಳಗೆ ಸಿಕ್ಕಿಕೊಂಡವರು ಒತ್ತಿದರೆ
ಕುಂಞಾಲಿ ಸಿಗರೇಟು ಬಿಸಾಡಿ ಓಡಿಬರುತ್ತಾನೆ.
ಬಂಡೆ ಹಿಡಿದಾಗೆಲ್ಲ ನನ್ನ ಕೈ ಆ ಗುಂಡಿ ತಡಕುತ್ತಿತ್ತು.

ಹೂಗಾರ ಮುಂದೆ, ಗುರುತು ಎಣಿಸುತ್ತ.
ಹಳದಿ, ಬಿಳಿ, ಕೆಂಪು: ನಲವತ್ತು.
ನೆರಳಿನ ಕಡೆ ಒಮ್ಮೆ ಜಾರಿದ, ನಕ್ಕ.
ಇನ್ನೊಮ್ಮೆ ಜಾರಿದ, ನಗಲಿಲ್ಲ.
ನಲವತ್ತೇಳು.
ನಲವತ್ತೆಂಟು.
ನಲವತ್ತೇಳು.

ನಿಂತೆ.
ಇಳಿಯೋಣ, ಅಂದೆ.

"ತುದಿ ಅಲ್ಲೇ ಕಾಣಾಕತ್ತೈತಲ್ಲೋ."
ಕಾಣುತ್ತಿತ್ತು.
ಜೂನಿಪರ್ ಮರಗಳು ಒಂದೊಂದಾಗಿ ಎಣಿಸುವಷ್ಟು ಹತ್ತಿರ.
ಅವನ ಎಣಿಕೆಯ ಸಂಗತಿ ನಾನು ಹೇಳಲಿಲ್ಲ,
ಹೇಳಿದ್ದರೆ ಒಪ್ಪುತ್ತಿರಲಿಲ್ಲ,
ಯಾರೂ ಒಪ್ಪುವುದಿಲ್ಲ, ಒಳಗಿದ್ದಾಗ ನಾನೂ.
ತೋಳು ಹಿಡಿದೆ, ಅಷ್ಟೆ.
ಕೊಡವಿಕೊಂಡ.
ಆಮೇಲೆ ನನ್ನ ಹಿಂದೆಯೇ ಇಳಿದ,
ಮಾತಿಲ್ಲ, ಬೂಟಿನ ಸದ್ದು ಮಾತ್ರ.

ಕೆಳಗೆ ಆಡಿನ ದೊಡ್ಡಿಯ ಗೋಡೆಗೆ ಒರಗಿ ಕೂತೆವು.
ಬಿಸಿಲು ಬಂತು. ಜಾಕೆಟ್ ಬಿಚ್ಚುವಷ್ಟು.
ಆಕಾಶ ಸಂದು ಕಾಣದಂತೆ ಕೂರಿಸಿದ ನೀಲಿ ಟೈಲು.
ಹನ್ನೆರಡಾಯಿತು, ಎರಡಾಯಿತು, ನಾನು ಪಡುವಣ ನೋಡುತ್ತಲೇ ಇದ್ದೆ:
ಒಂದು ಮೋಡ ಬರಲಿ, ಒಂದೇ ಒಂದು,
ಅಂಗೈಯಷ್ಟಾದರೂ ಸಾಕು,
ನಾನು ಸುಳ್ಳಲ್ಲ ಎನ್ನುವುದಕ್ಕೆ.

ಹೂಗಾರ ಮೊಟ್ಟೆ ಸುಲಿದು
ದೊಡ್ಡದನ್ನು ನನ್ನ ಕಡೆ ದೂಡಿದ.

ಮೋಡ ಬರಲಿಲ್ಲ.