ಬೇಬಾಕಿ ಪತ್ರ

ಫಾರ್ಮಿನಲ್ಲಿ ಒಂಬತ್ತು ಖಾನೆ.
ಕ್ರೀಡಾ ವಿಭಾಗ: ಬಾಕಿ ಇಲ್ಲ. ನಾನೆಂದೂ ಚೆಂಡು ಮುಟ್ಟಿದವಳಲ್ಲ.
ಕನ್ನಡದ ಮೇಡಂ ಯಾವ ಗಾಜು ಒಡೆದಾರು ಎಂದು
ನಗುತ್ತಲೇ ಸಹಿ ಹಾಕಿದರು ಕೆಮಿಸ್ಟ್ರಿಯ ಪಟ್ಟೇದಾರರು.
ಲೈಬ್ರರಿಯಲ್ಲಿ ಮಾತ್ರ ರಫಿಯಾ ಪೆನ್ನು ಕೆಳಗಿಟ್ಟಳು:
‘ಒಂದು ಪುಸ್ತಕ ಅದರಿ ನಿಮ್ಮ ಹೆಸರಿಲೆ.
ಹತ್ತೊಂಬತ್ತು ವರ್ಷ ಆತು.’

ನನ್ನ ಹೆಸರಿನ ಮೇಲೆ ನನ್ನದೇ ಪುಸ್ತಕ,
‘ವಾಡಿಯಲ್ಲಿ ಹನ್ನೊಂದು ನಿಮಿಷ’.

ಮುಂಜಾನೆಯ ಪ್ಯಾಸೆಂಜರಿನಲ್ಲಿ ಬರೆದದ್ದು ಅದು.
ಕಲಬುರಗಿಯಲ್ಲಿ ಸೀಟು ಸಿಕ್ಕರೆ ಶಹಾಬಾದಿಗೆ ಒಂದು ಸಾಲು,
ವಾಡಿಯಲ್ಲಿ ಗಾಡಿ ನಿಂತಷ್ಟೂ ಹೊತ್ತು ಇನ್ನೊಂದು,
ನಾಲವಾರ ದಾಟುವಾಗ ಮೊದಲಿನದನ್ನು ಹೊಡೆದು ಹಾಕಿರುತ್ತಿದ್ದೆ.
ಯಾದಗಿರಿಯಲ್ಲಿ ಇಳಿದವಳು ಕವಿಯಲ್ಲ:
ನೆರಿಗೆ ಕೊಡವಿ, ಹಾಜರಿ ಕೂಗಿ,
ಬೋರ್ಡಿನ ಮೇಲೆ ಗುರುವಿಗೊಂದು ಗೆರೆ, ಲಘುವಿಗೊಂದು ಕೊಕ್ಕೆ.
ಸೆರಗಿನ ಮೇಲಿನ ಬಿಳಿ ಪುಡಿ
ವಾಡಿಯ ಸಿಮೆಂಟಿನದೋ ಸುಣ್ಣದ ಕಡ್ಡಿಯದೋ
ಹುಡುಗರಿಗೆ ತಿಳಿಯುತ್ತಿರಲಿಲ್ಲ.

ಅರಿಯರ್ಸ್ ಬಂದ ವರ್ಷ ಐನೂರು ಪ್ರತಿ ಅಚ್ಚಾಯಿತು.
ಮದುವೆಗೆ, ಬೀಳ್ಕೊಡುಗೆಗೆ, ಹಾರ ತರಲು ಮರೆತ ಸಮಾರಂಭಕ್ಕೆ
ಕೊಟ್ಟು ಕೊಟ್ಟು ಮುಗಿದವು.
ಗುರುಮಠಕಲ್‌ನ ಕವಿಗೋಷ್ಠಿಗೆ
(ಮೂವತ್ತೊಂದನೆಯ ಕವಿ ನಾನು, ಎರಡು ನಿಮಿಷ)
ಓದಲು ಒಂದೂ ಪ್ರತಿ ಇರದೆ ಕಾಲೇಜಿನದನ್ನೇ ಒಯ್ದಿದ್ದೆ.
ನನ್ನ ಸರದಿ ಬಂದಾಗ ಶಾಮಿಯಾನ ಬಿಚ್ಚುತ್ತಿದ್ದರು.

ರಾತ್ರಿ ಟ್ರಂಕಿನ ತಳದಲ್ಲಿ ಸಿಕ್ಕಿತು.
ಹಿಂಬದಿಯ ಚೀಟಿಯ ಮೇಲೆ ಎರಡೇ ಮುದ್ರೆ.
ಒಂದು ನನ್ನದು. ಇನ್ನೊಂದು ಅದಕ್ಕೂ ಮೊದಲಿನದು,
ರೋಲ್ ನಂಬರ್ ನಲವತ್ತೇಳು.
ಮೂವತ್ತನೆಯ ಪುಟದಲ್ಲಿ ಪೆನ್ಸಿಲಿನ ತೆಳು ಗೆರೆ:
‘ಬಿಸಿಲು ಇಲ್ಲಿ ಮನೆಮಾಲೀಕ, ನಾವು ಬಾಡಿಗೆಯವರು.’

ನಲವತ್ತೇಳು. ಸಾಬಮ್ಮ ಹತ್ತಿಕುಣಿ.
ಕಿರುಪರೀಕ್ಷೆ. ರೂಪಕಾಲಂಕಾರಕ್ಕೆ ಒಂದು ಉದಾಹರಣೆ, ಎರಡು ಅಂಕ.
ಎಪ್ಪತ್ತೆರಡು ಪೇಪರಿನ ನಡುವೆ ಎಲ್ಲೋ
ಈ ಸಾಲಿನ ಕೆಳಗೆ ಕೆಂಪು ಶಾಯಿಯಲ್ಲಿ ನಾನು ಬರೆದಿದ್ದೆ:
‘ಯಾರ ಸಾಲಿದು? ಪಠ್ಯದಲ್ಲಿಲ್ಲ.’ ಸೊನ್ನೆ.
ಸ್ಟಾಫ್‌ರೂಮಿನ ಬಾಗಿಲಲ್ಲಿ ಪೇಪರು ಹಿಡಿದು ನಿಂತಿದ್ದಳು.
‘ಏನವ್ವ?’
‘ಏನಿಲ್ರಿ ಮೇಡಂ.’

ಇದು ನೆನಪೋ, ಟ್ರಂಕಿನ ಮುಂದೆ ಕೂತು ನಾನೇ ಕಟ್ಟಿದ್ದೋ
ಪ್ರಮಾಣ ಮಾಡಿ ಹೇಳಲಾರೆ.
ಗೆರೆಯಂತೂ ಇದೆ.

ದಿನಕ್ಕೆ ಹತ್ತು ಪೈಸೆಯಂತೆ ರಫಿಯಾ ಲೆಕ್ಕ ಹಾಕಿ,
ನಾಚಿ, ‘ಬ್ಯಾಡ ಬಿಡ್ರಿ, ಪುಸ್ತಕ ಕೊಟ್ರ ಸಾಕು’ ಅಂದಳು.
ಕೊಡುವ ಮುಂಚೆ ಹಿಂಬದಿ ತಿರುಗಿಸಿ
ನಲವತ್ತೇಳರ ಪಕ್ಕ ಕೆಂಪು ಪೆನ್ನಿನಲ್ಲಿ ಬರೆದೆ
ಎರಡಕ್ಕೆ ಎರಡು.

‘ಲೈಬ್ರರಿ ಬುಕ್ಕಿನಾಗ ಹಂಗೆಲ್ಲ ಬರೀಬಾರದ್ರಿ ಮೇಡಂ’
ಅಂದು, ಕನ್ನಡಕ ಸರಿ ಮಾಡಿಕೊಂಡು
ಸಹಿ ಹಾಕಿದಳು: ಬಾಕಿ ಇಲ್ಲ.