ಒಂಬತ್ತನೇ ಉಂಗುರ

ಮಾರಿಕುಪ್ಪಂ ಲೈನುಮನೆ, ತಗಡಿನ ಸೂರು.
ಹೊಸ್ತಿಲ ಮೇಲೆ ಕೂತು ಫಿಲೋಮಿನ ಆಂಟಿ
ನನ್ನ ಎಡಗೈಗೆ ನೂಲು ಸುತ್ತಿದಾಗ ನನಗೆ ಹನ್ನೊಂದು.
ಕೊಂಬಿನ ಶಟಲ್ಲು, ಬೆರಳುದ್ದದ ದೋಣಿ,
ಯಾರ ಕಾಲದ್ದೋ, ತುದಿ ಸವೆದದ್ದು.

"ಗಂಟು ಯಾರು ಬೇಕಾದ್ರೂ ಹಾಕ್ತಾರೆ ಕಣೇ,
ಹೊರಳಿಸೋದು ನೋಡು.
ಸುತ್ತಿಕೊಂಡಿದ್ದು ನೆಟ್ಟಗಾಗ್ಬೇಕು,
ನೆಟ್ಟಗಿದ್ದದ್ದು ಸುತ್ತಿಕೊಳ್ಬೇಕು.
ಹೊರಳಿದ್ರೆ ಜಾರತ್ತೆ, ಜಾರಿದ್ರೇ ಉಂಗುರ ಮುಚ್ಚತ್ತೆ."

ಮೂರು ವಾರ ಒಂದೂ ಹೊರಳಲಿಲ್ಲ.
ಬೆವರಿಗೆ ಕಪ್ಪಾದ ನೂಲು, ಬರೀ ಸಿಕ್ಕು.

ಆಮೇಲೆ ಮಾದರಿಗೆಂದು ಒಂದು ಗೇಣು ಲೇಸು ಕೊಟ್ಟರು.
ಐದು ಗಂಟು, ಒಂದು ಕಿವಿ, ಐದು ಗಂಟು, ಮುಚ್ಚು.
ಎಂಟು ಉಂಗುರ ಹೀಗೇ.
ಒಂಬತ್ತನೆಯದು ಮಾತ್ರ ಬಾಯಿ ತೆರೆದೇ ಇತ್ತು.
ನಾನೂ ತೆರೆದೇ ಬಿಟ್ಟೆ.
ನನ್ನ ಹತ್ತಿರ ಕಲಿತ ಜಪಮಾಲೆ, ಕುಪ್ಪಮ್ಮ, ಶಬೀನಾ
ರಾಬರ್ಟ್‌ಸನ್‌ಪೇಟೆಯ ಅಂಗಡಿಗೆ ಗಜಗಟ್ಟಲೆ ಹೆಣೆದರು,
ಎಲ್ಲರದ್ದೂ ಒಂಬತ್ತಕ್ಕೊಂದು ತೆರೆದ ಬಾಯಿ.

ಈಗ ಶಬೀನಾ ಫೋನಿನಲ್ಲಿ ಫೋಟೊ ಹಾಕುತ್ತಾಳೆ.
ಪುಣೆಯಿಂದ ಯಾರೋ: ಆ ತೆರೆದದ್ದೇ ಬೇಕು,
ತಾಮ್ರದ ತಂತಿಯಲ್ಲಿ, ಕಿವಿಯೋಲೆಗೆ, ನಲವತ್ತು ಜೊತೆ.
ಈ ವಿನ್ಯಾಸಕ್ಕೆ ಹೆಸರೇನು?

ಕೇಳೋಣವೆಂದು ಹೋದೆ.
ಆಂಟಿಯ ಕಣ್ಣಿಗೆ ಪೊರೆ. ಬೆರಳಲ್ಲೇ ಓದಿದರು:
ಏಳು, ಎಂಟು,
ನಿಂತರು. ನಕ್ಕುಬಿಟ್ಟರು.

"ಅಯ್ಯೋ ಹುಚ್ಚೀ, ಇದು ಮಾದರಿ ಅಲ್ಲ!
ಅವತ್ತು ಏರ್‌ಬ್ಲಾಸ್ಟು.
ನೆಲ ಒಂದ್ಸಲ ಎತ್ತಿ ಹಾಕ್ತು,
ಮಾತೆಯ ಪಟ ಓರೆಯಾಯ್ತು,
ಅಟ್ಟದ ತಟ್ಟೆಯೆಲ್ಲ ತಾನೇ ಮಾತಾಡ್ತು.
ಸೂಸೈ ಕೆಳಗಿದ್ರು. ನನ್ನ ಕೈ ಎಳೀಲೇ ಇಲ್ಲ."

ಆಮೇಲೆ?
"ಆಮೇಲೇನು, ಸಂಜೆ ಬಂದ್ರು.
ಮೀನುಸಾರಿಗೆ ಉಪ್ಪಿಲ್ಲಾಂತ ಜಗಳ ಆಡಿದ್ರು."

ಕತ್ತರಿಸಿ ಮತ್ತೆ ಹಾಕಬಹುದಿತ್ತಲ್ಲ ಆಂಟಿ?
"ಹಾಕಬಹುದಿತ್ತು."

ಬೀದಿಯಾಚೆ ಸೈನೈಡ್ ದಿಬ್ಬದ ಬೂದಿಮಣ್ಣು
ಗಾಳಿಗೆದ್ದು ತಗಡಿನ ಮೇಲೆ ಸರಸರ ಉದುರಿತು.
ಹೆಸರು? ಎಂದೆ.
"ಅವರ ಹೆಸರು ಮಾತ್ರ ಇಡಬೇಡ,
ಆಮೇಲೆ ತಲೆ ನಿಲ್ಲಲ್ಲ."

ಒಳಕೋಣೆಯಲ್ಲಿ ಸೂಸೈ ಕೆಮ್ಮತೊಡಗಿದರು,
ಗಣಿಯ ಧೂಳಿನ ಆ ಉದ್ದನೆಯ ಕೆಮ್ಮು.
ಅದು ನಿಲ್ಲುವತನಕ
ಆಂಟಿಯ ಬೆರಳು ಒಂಬತ್ತರ ಮೇಲೇ ಇತ್ತು.