ಹಿನ್ನೀರ ದಂಡೆಯ ನಾಲ್ಕು ಐತವಾರ

ನಾನು ದೀಪದವನು. ಗಣಪತಿ, ಉರುಸು, ಮದುವೆ,
ಯಾರು ಕರೆದರೂ ವೈರು ಹೆಗಲಿಗೆ ಹಾಕಿ ಹೋಗುವವನು.
ಈ ಸಲ ಕರೆದವರು ಮಿಶನ್ ದವಾಖಾನೆಯ
ನಿವೃತ್ತ ನರ್ಸು ಸಲೋಮಿಬಾಯಿ.
"ಹಬ್ಬ ಅಲ್ಲಪಾ, ಹಬ್ಬ ಇನ್ನೂ ಬಂದಿಲ್ಲ.
ಇದು ಬರೂದಕ್ಕ ಕಾಯೂದು. ನಾಕು ಐತವಾರ.
ಕಾಯೂದಕ್ಕೂ ದೀಪ ಬೇಕಲ್ಲ?"

ಜಾಗ, ಹಳೇ ಬಾಗಲಕೋಟೆಯ ರಸ್ತೆ ನೀರಿಗಿಳಿಯುವ ಕಡೆ.
ಡಾಂಬರು ತನ್ನ ಪಾಡಿಗೆ ನಡೆದು ಹೋಗಿ ಮುಳುಗುತ್ತದೆ,
ಮನೆಯಲ್ಲಿ ಏನೋ ಮರೆತವರು ತಿರುಗಿ ಹೋದಂತೆ.
ನವನಗರದ ಮಕ್ಕಳಿಗೆ ಇದೇ ಸಮುದ್ರ.
ತೆರೆ ಸಣ್ಣದು, ಉಪ್ಪಿಲ್ಲ, ಕಪ್ಪೆಚಿಪ್ಪಿನ ಬದಲು
ಒಮ್ಮೊಮ್ಮೆ ಪಿಂಗಾಣಿ ಬಟ್ಟಲ ಚೂರು.

ಮೊದಲ ಐತವಾರ ನಕ್ಷತ್ರ.
ಬಣ್ಣದ ಕಾಗದವಲ್ಲ, ದವಾಖಾನೆಯ ಹಳೆ ಎಕ್ಸರೇ ಹಾಳೆ,
ಬಿದಿರ ಕಡ್ಡಿಗೆ ದಬ್ಬಣದಿಂದ ಹೊಲಿದದ್ದು.
ಒಳಗೆ ಬಲ್ಬಿಟ್ಟು ಗುಂಡಿ ಒತ್ತಿದೆ,
ಐದು ಮೂಲೆಯಲ್ಲಿ ಐದು ಜನ ಹೊತ್ತಿಕೊಂಡರು.
ಯಾರದೋ ಪಕ್ಕೆಲುಬು, ಯಾರದೋ ಮೊಣಕಾಲು,
ಒಂದು ಮಗುವಿನ ಮಣಿಕಟ್ಟು, ಅದರಲ್ಲಿ
ಕೂದಲೆಳೆಯಷ್ಟು ಸೀಳು.
"ಹೆಸರು ಕತ್ತರಿಸೇನಿ," ಅಂದರು ಸಲೋಮಿಬಾಯಿ,
"ಮುರದದ್ದು ಹಂಗ ಬಿಟ್ಟೇನಿ."

ಎರಡನೆಯದು ಗುಳೇದಗುಡ್ಡದ ನೇಕಾರ ಹುಡುಗರದು.
ರಾಜರ ಪಟಗಕ್ಕೆ ಖಣದ ತುಂಡು,
ಕುರಿಗೆ ಹರಿದ ಕಂಬಳಿ, ಒಂಟೆಗೆ ಸೈಕಲ್ ಟ್ಯೂಬು
(ಸಂಜೆಯೊಳಗೆ ಗಾಳಿ ಬಿಟ್ಟು ಮೊಣಕಾಲೂರಿತು ಒಂಟೆ,
ಹಾಗೇ ಚೆಂದ ಅಂತ ಬಿಟ್ಟರು).
ನಡುವೆ ರಟ್ಟಿನದೊಂದು ಕಚೇರಿ ಕಿಟಕಿ.
ಹಿಂದೆ ಗುಮಾಸ್ತ. ಮುಂದೆ ಬಡಗಿ ಯೋಸೇಫ, ಬಸುರಿ ಮರಿಯ,
ಹೆಸರು ಬರೆಸಲಿಕ್ಕೆ ಬಂದವರು.
ಕಿಟಕಿಯ ಮಗ್ಗುಲ ಗೋಡೆಗೆ ಕೆಂಪು ಬಣ್ಣದಲ್ಲಿ
ಒಂದು ನಂಬರು.

ಅಷ್ಟೇ. ಯಾರೂ ಏನೂ ಹೇಳಲಿಲ್ಲ.
ಬೋರ್ಡಿಲ್ಲ, ಹಗ್ಗವಿಲ್ಲ, ನೋಡಲು ಬಂದವರು
ಒಬ್ಬರ ಹಿಂದೊಬ್ಬರು ಪಾಳಿ ಹಚ್ಚಿ ನಿಂತರು.
ಹಿಟ್ಟಿನ ಗಿರಣಿಯ ಲಾಡಸಾಬರ ಕೈ
ತಾನಾಗಿ ಜೇಬಿಗೆ ಹೋಯಿತು, ಕಾಗದ ಹುಡುಕಲು.

ಮೂರನೆಯ ವಾರ ನಾನಿರಲಿಲ್ಲ, ಇಳಕಲ್ಲಿನಲ್ಲಿ ಮದುವೆ.
ಹಾಡು ಚೆನ್ನಾಗಾಯಿತಂತೆ.
ನನಗೆಂದು ಎರಡು ಕರಚಿಕಾಯಿ ಎತ್ತಿಟ್ಟಿದ್ದರು.

ಅಷ್ಟರಲ್ಲಿ ನೀರು ಹಿಂದೆ ಸರಿಯುತ್ತಿತ್ತು,
ವಾರಕ್ಕೆ ಐದಾರು ಹೆಜ್ಜೆ, ಕಾಲುವೆಗೆ ಬಿಟ್ಟಿದ್ದರು.
ನೀರಿನಂಚಿಗೇ ಗೋದಲಿ ಬೇಕೆಂದು ಬಾಯಿಯವರ ಹಟ,
ಪ್ರತಿ ಸಲ ನನ್ನ ವೈರಿಗೊಂದು ಗಂಟು ಹೆಚ್ಚು.
ನಾಲ್ಕನೆಯ ಸಂಜೆ ಕೆಸರಲ್ಲಿ ಕಾಲಿಗೆ ತಾಗಿತು
ಒಂದು ಕಲ್ಲು. ತೊಳೆದೆವು.
ನಡು ಸವೆದ ಮೆಟ್ಟಿಲು.

"ನಮ್ಮ ಗಿರಣೀದು," ಅಂದರು ಲಾಡಸಾಬರು.
"ಸುಮ್ನಿರ್ರಿ, ನಮ್ಮತ್ತೀ ಮನೀದು," ಅಂಬಿಗೇರ ನೀಲವ್ವ,
"ಇದರ ಮ್ಯಾಲ ಕುಂತ ಜ್ವಾಳ ಹಸನ ಮಾಡೀನಿ."
ವಾದ ಎಂಟೂವರೆಯಾದರೂ ಹರಿಯಲಿಲ್ಲ.
ನನಗೂ ಒಂದು ಅನುಮಾನವಿತ್ತು, ಹೇಳಲಿಲ್ಲ.
ಅಂಥದೇ ಒಂದು ಮೆಟ್ಟಿಲ ಮೇಲೆ ಕೂತು ಅಪ್ಪ
ಎರಡು ವೈರು ಹೆಣೆಯುವುದು ತೋರಿಸಿದ್ದ,
ನನಗಾಗ ಎಂಟು ವರ್ಷ, ಗೋಡೆಗೆ ನಂಬರು ಬಿದ್ದಿರಲಿಲ್ಲ.

ಕಡೆಗೆ ಆ ಕಲ್ಲಿನ ಮೇಲೇ ಇಟ್ಟರು ಗೋದಲಿ,
ಕಣಿಕೆ ಹಾಸಿ, ಖಾಲಿ.
ಕೂಸು ಬರುವುದು ಇಪ್ಪತ್ನಾಲ್ಕರ ರಾತ್ರಿ,
ಅಲ್ಲಿತನಕ ಯಾರೂ ಏನೂ ಇಡುವಂತಿಲ್ಲ.
ನಾಲ್ಕು ಮೇಣದಬತ್ತಿ ಹಚ್ಚಿದರು,
ಮೂರನೆಯದು ಗಾಳಿಗೆ ಆರಿತು, ಮತ್ತೆ ಹಚ್ಚಿದರು, ಆರಿತು.
ನೀಲವ್ವನ ಮೊಮ್ಮಗಳು ಇಣುಕಿ ಕೇಳಿದಳು,
"ಒಳಗ ಯಾರೂ ಇಲ್ಲಲ್ಲ, ಎಲ್ಲಾರೂ ಏನ ನೋಡಾಕತ್ತಾರ?"

ಜನ ಹೋದ ಮೇಲೆ ವೈರು ಸುತ್ತಲು ಕೂತೆ.
ನಕ್ಷತ್ರವೊಂದನ್ನು ಆರಿಸಲಿಲ್ಲ,
ಬಾಡಿಗೆ ಚೀಟಿಯಲ್ಲಿ ಅದನ್ನು ಬರೆದೂ ಇಲ್ಲ.
ನೀರಿನಲ್ಲಿ ಆ ಮಗುವಿನ ಮಣಿಕಟ್ಟು
ಒಂದು ತೆರೆಗೆ ಕೂಡುತ್ತಿತ್ತು,
ಒಂದು ತೆರೆಗೆ ಬಿಡುತ್ತಿತ್ತು.